ಕಾಡು ಬೇಡ, ಬಿಲ ಸಾಕು: ನಾಗರಹಾವು ನಿಜಕ್ಕೂ ಎಲ್ಲಿರುತ್ತದೆ?

ಮನೆಯ ಹಿಂದೆ ಹಳೇ ಇಟ್ಟಿಗೆ ರಾಶಿ. ಕಟ್ಟಡದ ಕೆಲಸ ಮುಗಿದು ವರ್ಷವಾದರೂ ಯಾರೂ ಎತ್ತಿಲ್ಲ. ಅದರೊಳಗೆ ನಾಗರಹಾವು ನುಸುಳಿದ್ದನ್ನು ಯಾರೋ ನೋಡುತ್ತಾರೆ. ಫೋನ್ ಹೋಗುತ್ತದೆ, ಹಾವು ಹಿಡಿಯುವವರು ಬರುತ್ತಾರೆ, ಒಂದೊಂದೇ ಇಟ್ಟಿಗೆ ತೆಗೆದು ಹಾವನ್ನು ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಸುತ್ತ ನಿಂತವರು ಉಸಿರು ಬಿಟ್ಟು ಚದುರುತ್ತಾರೆ. ಆಮೇಲೆ ಯಾರಾದರೂ ಉಳಿದ ಇಟ್ಟಿಗೆಗಳನ್ನೂ ಎತ್ತಿದರೆ ತಳದಲ್ಲಿ ಪೊರೆ ಸಿಗುತ್ತದೆ. ಒಂದು ಇನ್ನೂ ಮೆತ್ತಗಿರುತ್ತದೆ, ಕಣ್ಣಿನ ಮೇಲಿನ ಗುಂಡನೆಯ ಪೊರೆ ಕೂಡ ಹಾಗೇ ಇರುತ್ತದೆ. ಇನ್ನೊಂದು ಒಣಗಿ, ಮುಟ್ಟಿದರೆ ಪುಡಿಯಾಗುವಂಥದ್ದು. ಪಕ್ಕದಲ್ಲೇ ಇಲಿಯ ಕೂದಲು ಸೇರಿಕೊಂಡ ಹಿಕ್ಕೆ.

"ಇವತ್ತು ಎಲ್ಲಿಂದಲೋ ಬಂದುಬಿಟ್ಟಿದೆ" ಅಂತ ಮನೆಯವರು ಹೇಳುತ್ತಿರುತ್ತಾರೆ. ಪೊರೆಗಳು ಬೇರೆಯದೇ ಲೆಕ್ಕ ಕೊಡುತ್ತವೆ. ಹಾವು ತಿಂಗಳುಗಟ್ಟಲೆ ಅಲ್ಲೇ ಇತ್ತು. ಕಣ್ಣಿಗೆ ಬಿದ್ದದ್ದು ಮಾತ್ರ ಇವತ್ತು.

ಹಾವು ಕಂಡ ಸುದ್ದಿ ಬಂದಾಗಲೆಲ್ಲ ಒಂದು ಸಿದ್ಧ ಉತ್ತರ ಇದ್ದೇ ಇರುತ್ತದೆ: ಕಾಡು ಕಡಿದೆವು, ಪಾಪ, ಅದಕ್ಕೇ ಹಾವು ಊರಿಗೆ ಬರುತ್ತಿದೆ. ಕೇಳಲು ಸರಿ ಅನಿಸುತ್ತದೆ. ಆನೆ, ಹುಲಿಯ ವಿಷಯದಲ್ಲಿ ಈ ಮಾತಿಗೆ ಅರ್ಥವಿದೆ. ಕಾಳಿಂಗ ಸರ್ಪಕ್ಕೂ ಒಂದು ಮಟ್ಟಿಗೆ ಹೊಂದುತ್ತದೆ. ಆದರೆ ಎಲ್ಲರೂ ಬಲ್ಲ ಸಾಮಾನ್ಯ ನಾಗರಹಾವಿನ ಮಟ್ಟಿಗೆ ಇದು ಬಹುಪಾಲು ತಪ್ಪು ಅನ್ನುವುದು ನನ್ನ ವಾದ. ಮನುಷ್ಯ ಹೊಲ ಉತ್ತ, ಕಾಳು ಕೂಡಿಟ್ಟ, ಕಾಲುವೆ ತೋಡಿದ, ಗೋಡೆ ಕಟ್ಟಿದ. ಇವೆಲ್ಲ ನಾಗರಕ್ಕೆ ಅನುಕೂಲವೇ ಆಯಿತು. ಅದು ನಮ್ಮ ಜೊತೆ ಇರುವುದು ಬೇರೆ ದಾರಿಯಿಲ್ಲದೆ ಅಲ್ಲ, ಇಲ್ಲಿ ಚೆನ್ನಾಗಿ ನಡೆಯುತ್ತದೆ ಅಂತ.

ಮೊದಲು ಯಾವ ಹಾವಿನ ಬಗ್ಗೆ ಮಾತಾಡುತ್ತಿದ್ದೇವೆ ಅನ್ನುವುದು ಸ್ಪಷ್ಟವಾಗಲಿ. ನಾಗರ ಅಂದರೆ ಕನ್ನಡ ಓದುಗರ ಕಣ್ಣ ಮುಂದೆ ಬರುವುದು ಹೆಡೆಯ ಹಿಂದೆ ಕನ್ನಡಕದಂಥ ಗುರುತಿರುವ ಹಾವು. 1758ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಅದಕ್ಕೆ ವೈಜ್ಞಾನಿಕ ಹೆಸರಿಟ್ಟ. ಈಗ ಅದು ನಾಜಾ ನಾಜಾ. ಆ ಹೆಸರಿನ ಬೇರು 'ನಾಗ'ವೇ. ಆದರೆ ನಾಜಾ ಕುಲದಲ್ಲಿ ಇದೊಂದೇ ಇಲ್ಲ, 30ಕ್ಕೂ ಹೆಚ್ಚು ಜಾತಿಗಳಿವೆ. ಆಫ್ರಿಕಾದ ಬಹುಭಾಗ, ಅರೇಬಿಯಾ, ಇರಾನ್, ಮಧ್ಯ ಏಷ್ಯಾ, ಭಾರತ ಉಪಖಂಡ, ದಕ್ಷಿಣ ಚೀನಾ, ಆಗ್ನೇಯ ಏಷ್ಯಾ, ಫಿಲಿಪ್ಪೀನ್ಸ್, ಇಂಡೋನೇಷ್ಯಾದ ದ್ವೀಪಗಳು, ಇಷ್ಟೂ ಕಡೆ ಒಂದಲ್ಲ ಒಂದು ನಾಗರ ಇದೆ. ಕಾಳಿಂಗ ಸರ್ಪ ಈ ಕುಲದ್ದಲ್ಲ. ಅದರ ಕುಲವೇ ಬೇರೆ, ಬದುಕೂ ಬೇರೆ. ಅದರ ಮಾತು ಆಮೇಲೆ.

ನಕ್ಷೆಯಲ್ಲಿ ನಾಗರ ಇಲ್ಲದ ಜಾಗಗಳನ್ನೂ ನೋಡಬೇಕು. ಅಮೆರಿಕ ಖಂಡಗಳಲ್ಲಿ ನಾಗರವಿಲ್ಲ. ಆಸ್ಟ್ರೇಲಿಯಾದಲ್ಲಿ ವಿಷದ ಹಾವು ಬೇಕಾದಷ್ಟಿವೆ, ನಾಗರ ಇಲ್ಲ. ಆಫ್ರಿಕಾದ ಮಗ್ಗುಲಲ್ಲೇ ಇರುವ ಮಡಗಾಸ್ಕರ್‌ಗೂ ಅದು ದಾಟಿಲ್ಲ. ಯುರೋಪಿನಲ್ಲಿ ಈಗಿಲ್ಲ, ಒಂದು ಕಾಲಕ್ಕೆ ಇತ್ತು. ಫ್ರಾನ್ಸ್, ಆಸ್ಟ್ರಿಯಾ ಕಡೆ ಲಕ್ಷಾಂತರ ವರ್ಷ ಹಿಂದಿನ ಮಯೋಸೀನ್ ಯುಗದ ನಾಗರಗಳ ಪಳೆಯುಳಿಕೆ ಸಿಕ್ಕಿವೆ. ಆ ಖಂಡ ತಂಪಾಗುತ್ತ ಹೋದ ಹಾಗೆ ಅವು ಅಲ್ಲಿಂದ ಅಳಿದುಹೋದವು.

ಇಲ್ಲದ ಜಾಗಕ್ಕೆ ತಂದುಬಿಟ್ಟರೆ? 1953ರಲ್ಲಿ ಅದೂ ಆಯಿತು. ಅಮೆರಿಕದ ಮಿಸೌರಿ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಊರಿನಲ್ಲಿ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಒಂದಾದ ಮೇಲೊಂದು ನಾಗರಹಾವು ಕಾಣಿಸಿಕೊಂಡವು. ಹತ್ತಕ್ಕೂ ಹೆಚ್ಚು. ಪ್ರಾಣಿ ಮಾರುವ ಅಂಗಡಿಗೆ ತರಿಸಿದ್ದ ಹಾವುಗಳು ಹೇಗೋ ಹೊರಗೆ ಬಿದ್ದಿದ್ದವು. ಗಾಬರಿಯಾದ ಊರಿನಲ್ಲಿ ಲೌಡ್‌ಸ್ಪೀಕರ್‌ನಲ್ಲಿ ಹಾವಾಡಿಗರ ಸಂಗೀತ ಹಾಕಿಕೊಂಡು ಗಾಡಿ ಓಡಿಸಿದ್ದೂ ಉಂಟು! ನನಗೆ ಇದರಲ್ಲಿ ಮುಖ್ಯ ಅನಿಸುವುದು ಆ ತಮಾಷೆಯಲ್ಲ. ಕಂಡು ಕೇಳರಿಯದ ಖಂಡದ, ಮನೆ ಅಂಗಳಗಳಿಂದ ತುಂಬಿದ ಊರಿನಲ್ಲಿ ಆ ಹಾವುಗಳು ವಾರಗಟ್ಟಲೆ ತಲೆಮರೆಸಿಕೊಂಡು ಬದುಕಿದ್ದವು. ಅವಕ್ಕೆ ಕಾಡು ಬೇಕಾಗಲಿಲ್ಲ. ಬೇಸಿಗೆಯ ಬಿಸಿ ಇರುವಷ್ಟು ದಿನ ಮೈ ತೂರಿಸುವ ಸಂದು ಸಾಕಾಯಿತು.

ಹಾಗಾದರೆ ನಾಗರಕ್ಕೆ ಏನು ಬೇಕು? ಅಡಗಲು ತೂತು, ತಿನ್ನಲು ಇಲಿಯೋ ಕಪ್ಪೆಯೋ, ಹತ್ತಿರದಲ್ಲಿ ನೀರು, ಮೈ ಕಾಯಿಸಲು ಬಿಸಿಲು, ಬಿಸಿಲು ಸಾಕಾದಾಗ ಸರಿಯಲು ನೆರಳು. ಇವುಗಳಲ್ಲಿ ನಾನು ಮೊದಲು ಇಡುವುದು ತೂತನ್ನು. ಯಾಕೆಂದರೆ ಉಳಿದೆಲ್ಲವನ್ನೂ ನಾಗರ ಹುಡುಕಿಕೊಂಡು ಹೋಗಬಲ್ಲದು. ಬಿಲ ಮಾತ್ರ ಅದು ತೋಡಿಕೊಳ್ಳಲಾರದು. ಬೇರೆ ಯಾರೋ ಮಾಡಿಟ್ಟಿರಬೇಕು.

ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆಯಾಯಿತು ಅನ್ನುವ ಮಾತು ಸುಮ್ನೆ ಹುಟ್ಟಿದ್ದಲ್ಲ. ಒಡೆದ ಹುತ್ತವೊಂದನ್ನು ಹತ್ತಿರದಿಂದ ನೋಡಿದ್ದೇನೆ. ಹೊರಗೆ ಕಲ್ಲಿನಂತೆ ಗಟ್ಟಿ, ಒಳಗೆ ಮುಷ್ಟಿ ಹಿಡಿಸುವಷ್ಟು ಅಗಲದ ಕೊಳವೆಗಳು. ಒಂದರಿಂದ ಇನ್ನೊಂದಕ್ಕೆ ದಾರಿ. ಗೋಡೆ ಕೈಗೆ ನುಣ್ಣಗೆ ತಾಗುತ್ತಿತ್ತು. ಹೊರಗೆ ನೆಲ ಕಾದು ಬಿರಿದಿದ್ದರೂ ಒಳಗಿನ ಮಣ್ಣು ಹಸಿಯಾಗಿತ್ತು. ಒಳಗೆ ಶಿಲೀಂಧ್ರ ಬೆಳೆಸುವ ಗೆದ್ದಲುಗಳು ತಮ್ಮ ಗೂಡಿನ ಶಾಖವನ್ನು ಹೆಚ್ಚುಕಮ್ಮಿ 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಹಿಡಿದಿಡುತ್ತವೆ. ಗಾಳಿಯಾಡುವ ವ್ಯವಸ್ಥೆಯೂ ಇರುತ್ತದೆ. ಅದು ಅವುಗಳ ಶಿಲೀಂಧ್ರ ತೋಟಕ್ಕಾಗಿ ಮಾಡಿಕೊಂಡ ಏರ್ಪಾಡು. ಹಾವಿಗೆ ಪುಕ್ಕಟೆ ಸಿಕ್ಕ ಲಾಭ.

ತನ್ನ ಮೈಯ ಬಿಸಿಯನ್ನು ತಾನೇ ಹುಟ್ಟಿಸಿಕೊಳ್ಳಲಾಗದ ಪ್ರಾಣಿಗೆ ಇದು ಎಷ್ಟು ದೊಡ್ಡ ವಿಷಯ ನೋಡಿ. ಮೈ ತೀರಾ ತಣ್ಣಗಾದರೆ ಹಾವು ತಿಂದದ್ದನ್ನು ಅರಗಿಸಿಕೊಳ್ಳಲಾರದು, ಚುರುಕಾಗಿ ಓಡಾಡಲಾರದು. ತೀರಾ ಕಾದರೂ ಸಾಯುತ್ತದೆ. ಸುಡುವ ನೆಲದ ಮೇಲೆ ಬಿಸಿಲಲ್ಲಿ ಸಿಕ್ಕಿಹಾಕಿಕೊಂಡ ಹಾವು ಹೆಚ್ಚು ಹೊತ್ತು ಉಳಿಯುವುದಿಲ್ಲ. ಆದ್ದರಿಂದ ಅದರ ದಿನವೆಲ್ಲ ಬಿಸಿಲು ನೆರಳಿನ ಲೆಕ್ಕಾಚಾರದಲ್ಲೇ ಕಳೆಯುತ್ತದೆ. ತಂಪು ಕಾಲದಲ್ಲಿ ಬೆಳಗಿನ ಹೊತ್ತು ಬಿಲದ ಬಾಯಲ್ಲೇ ಅರ್ಧ ಮೈ ಹೊರಗೆ ಹಾಕಿ ಬಿದ್ದುಕೊಂಡಿರುತ್ತದೆ. ಬಿರು ಬೇಸಿಗೆಯಲ್ಲಿ ಹಗಲೆಲ್ಲ ಒಳಗಿದ್ದು ಮುಸ್ಸಂಜೆಗೆ ಹೊರಡುತ್ತದೆ. ನಾಗರ ಹಗಲು ಸಂಚರಿಸುತ್ತದೋ ರಾತ್ರಿಯೋ ಅಂತ ಕೇಳಿದರೆ ಒಂದೇ ಉತ್ತರ ಇಲ್ಲದಿರುವುದು ಇದಕ್ಕೇ.

ಹುತ್ತ ಇಲ್ಲದ ಕಡೆ ಇಲಿಬಿಲ. ಅಸಲಿಗೆ ಹೊಲಗದ್ದೆಯ ಪ್ರದೇಶದಲ್ಲಿ ಹುತ್ತಕ್ಕಿಂತ ಇಲಿಬಿಲವೇ ಜಾಸ್ತಿ ಬಳಕೆಯ ಮನೆ. ಗದ್ದೆಯ ಬದು ನೋಡಿ. ಹೆಗ್ಗಣ ಅಲ್ಲಿ ಹಲವು ಬಾಯಿಗಳ ಬಿಲ ತೋಡುತ್ತದೆ, ಒಳಗೆ ಕಾಳು ಕೂಡಿಡಲು ಬೇರೆ ಕೋಣೆ. ತಾನು ಒಳಗಿದ್ದಾಗ ಬಾಯಿಗೆ ಸಡಿಲ ಮಣ್ಣು ತಳ್ಳಿ ಮುಚ್ಚುವುದು ಅದರ ರೂಢಿ. ಹಾಗಾಗಿ ಬಾಯಲ್ಲಿ ಹೊಸ ಮಣ್ಣಿನ ಗುಪ್ಪೆ ಇದ್ದರೆ ಮಾಲೀಕ ಇನ್ನೂ ಅಲ್ಲೇ ಇದ್ದಾನೆ ಅಂತ ಅರ್ಥ. ಬಾಯಿ ತೆರೆದು, ಅಂಚು ನುಣ್ಣಗಾಗಿ, ಎಲ್ಲೋ ಒಂದು ಚೂರು ಪೊರೆ ಸಿಕ್ಕಿಕೊಂಡಿದ್ದರೆ ಬೇರೆ ಯಾರೋ ಬಂದು ಸೇರಿದ್ದಾರೆ. ತಮಿಳುನಾಡಿನ ಇರುಳ ಬುಡಕಟ್ಟಿನವರು ಈ ಗುರುತುಗಳನ್ನು ಓದುವುದರಲ್ಲಿ ನಿಸ್ಸೀಮರು. 1978ರಿಂದ ಅವರದೇ ಸಹಕಾರ ಸಂಘವಿದೆ. ಹಾವು ಹಿಡಿದು, ವಿಷ ತೆಗೆದು, ಮತ್ತೆ ಬಿಡುತ್ತಾರೆ. ಪ್ರತಿವಿಷ ತಯಾರಿಕೆಗೆ ಹೋಗುವ ವಿಷ ಅದು. ಹಾವು ಹುಡುಕಲು ಅವರು ಹೆಚ್ಚಾಗಿ ಹೋಗುವುದು ದಟ್ಟ ಕಾಡಿಗಲ್ಲ, ಹೊಲದ ಬದುಗಳಿಗೆ, ಪಾಳು ಬಿದ್ದ ಕುರುಚಲು ನೆಲಕ್ಕೆ.

ಇಲಿಬಿಲದ ಸೊಗಸೆಂದರೆ ಊಟ, ವಸತಿ ಎರಡೂ ಒಂದೇ ಕಡೆ ಸಿಗುವುದು. ಮೊದಲು ಇಲಿಯನ್ನು ನುಂಗಿ, ಆಮೇಲೆ ಇಲಿಯ ಮನೆಯಲ್ಲೇ ಮಲಗಬಹುದು! ಮೊಟ್ಟೆ ಇಡಲೂ ಅದೇ ಜಾಗ. ಹೆಣ್ಣು ನಾಗರ ಒಂದು ಸಲಕ್ಕೆ ಸಾಮಾನ್ಯವಾಗಿ 10ರಿಂದ 30 ಮೊಟ್ಟೆ ಇಡುತ್ತದೆ. ಸುಮಾರು ಎರಡು ತಿಂಗಳಲ್ಲಿ ಮರಿ ಹೊರಬರುತ್ತವೆ. ಗೇಣುದ್ದಕ್ಕಿಂತ ಸ್ವಲ್ಪ ದೊಡ್ಡವು, ಹುಟ್ಟಿದ ಗಳಿಗೆಯಿಂದಲೇ ವಿಷ ಇರುವಂಥವು. ಕೆಲವು ದಿನಗಳಲ್ಲೇ ಒಂದೊಂದು ಒಂದೊಂದು ದಿಕ್ಕಿಗೆ ಚದುರಿ, ತಮಗೊಂದು ಸಂದು ಹುಡುಕುತ್ತವೆ. ಒಂದೇ ವಾರದಲ್ಲಿ ಮನೆ ಸುತ್ತ ಮೂರು ನಾಲ್ಕು ಮರಿ ಕಂಡವು ಅಂದರೆ ಹತ್ತಿರದಲ್ಲೇ ಎಲ್ಲೋ ಮೊಟ್ಟೆ ಒಡೆದಿದೆ ಅಂತ.

ಇನ್ನು ನೀರು. ನಾಗರಕ್ಕೆ ಕುಡಿಯಲು ನೀರು ಬೇಕು ಅನ್ನುವುದಕ್ಕಿಂತ, ನೀರಿದ್ದಲ್ಲಿ ಕಪ್ಪೆ ಇರುತ್ತದೆ ಅನ್ನುವುದು ದೊಡ್ಡ ಕಾರಣ. ಸರಪಳಿ ಸರಳ. ಹಿತ್ತಲಲ್ಲಿ ರಾತ್ರಿಯಿಡೀ ಬಲ್ಬು ಉರಿಯುತ್ತದೆ. ಬಲ್ಬಿಗೆ ಹುಳ ಬರುತ್ತವೆ, ಹುಳ ತಿನ್ನಲು ನೆಲಗಪ್ಪೆ ಬರುತ್ತವೆ, ಕಪ್ಪೆಯ ಹಿಂದೆ ಹಾವು. ಹಾವು ಬರದಿರಲೆಂದೇ ಹಾಕಿದ ದೀಪ ಅದು!

ಈ ಲೆಕ್ಕವನ್ನು ಇಟ್ಟುಕೊಂಡು ಬೇರೆ ಬೇರೆ ದೇಶದ ನಾಗರಗಳನ್ನು ನೋಡಿದರೆ ಅವು ಎಷ್ಟೆಲ್ಲ ವೇಷ ಹಾಕಿವೆ ಅಂತ ತಿಳಿಯುತ್ತದೆ. ಈಜಿಪ್ಟಿನ ನಾಗರ ಅಂದಕೂಡಲೇ ಮರಳುಗಾಡು ನೆನಪಾಗುತ್ತದೆ ಅಲ್ವಾ? ಆದರೆ ನಡು ಮರಳುಗಾಡಿನಲ್ಲಿ ಅದು ಸಿಗುವುದಿಲ್ಲ. ಹುಲ್ಲುಗಾವಲು, ಹೊಲ, ನೀರಿರುವ ಓಯಸಿಸ್, ಹಳ್ಳಿಯ ಅಂಚು, ಇವೇ ಅದರ ಜಾಗ. ದಕ್ಷಿಣ ಆಫ್ರಿಕಾದ ಕೇಪ್ ನಾಗರ ಒಣ ನೆಲಕ್ಕೆ ಒಗ್ಗಿಕೊಂಡದ್ದು. ಕಾಲಹಾರಿಯಲ್ಲಿ ಗೀಜಗದ ಬಳಗದ ಒಂದು ಹಕ್ಕಿ, ಮರದ ಮೇಲೆ ಹುಲ್ಲಿನ ಬಣವೆಯಷ್ಟು ದೊಡ್ಡ ಸಾಮೂಹಿಕ ಗೂಡು ಕಟ್ಟುತ್ತದೆ. ಕೇಪ್ ನಾಗರ ಮರ ಹತ್ತಿ, ಆ ಗೂಡಿನ ಒಂದೊಂದು ಕೋಣೆಗೂ ತಲೆ ತೂರಿಸಿ, ಮರಿಗಳನ್ನು ನುಂಗುತ್ತ ಹೋಗುತ್ತದೆ.

ಮಧ್ಯ ಆಫ್ರಿಕಾದ ನೀರುನಾಗರ ಇನ್ನೂ ಒಂದು ಹೆಜ್ಜೆ ಮುಂದೆ. ಟಾಂಗನೀಕಾ ಸರೋವರದಲ್ಲಿ, ಕಾಂಗೊ ನದಿಯ ಸುತ್ತ ಅದು ಮೀನು ಹಿಡಿದು ಬದುಕುತ್ತದೆ. ದಡದ ಬಂಡೆಗಳ ಸಂದಿನಲ್ಲಿ ವಾಸ. ಹಾಗೆಯೇ ಕ್ಯಾಸ್ಪಿಯನ್ ನಾಗರ ಅತಿ ಉತ್ತರದ್ದು. ತುರ್ಕಮೆನಿಸ್ತಾನ, ಉಜ್ಬೇಕಿಸ್ತಾನ, ತಜಿಕಿಸ್ತಾನದ ಕಲ್ಲುಬೆಟ್ಟಗಳಲ್ಲಿ ಚಳಿಗಾಲವನ್ನು ಬಿಲದಲ್ಲೇ ಮಲಗಿ ಕಳೆಯುತ್ತದೆ. ಗಂಗೆಯ ಕೆಳ ಬಯಲಿನಿಂದ ಥಾಯ್ಲೆಂಡ್‌ವರೆಗೆ ಹರಡಿರುವ, ಹೆಡೆಯ ಹಿಂದೆ ಒಂದೇ ಉಂಗುರದ ಗುರುತಿರುವ ಒಂಟಿ ಕನ್ನಡಕದ ನಾಗರ ಕೆಸರು, ಗದ್ದೆ, ಜೌಗನ್ನು ಇಷ್ಟಪಡುತ್ತದೆ. ಆಫ್ರಿಕಾದ ಅರಣ್ಯ ನಾಗರವನ್ನು ಬಹಳ ಕಾಲ ಒಂದೇ ಜಾತಿ ಅಂದುಕೊಂಡಿದ್ದರು. 2018ರಲ್ಲಿ ಅದನ್ನು ಐದಾಗಿ ಬೇರ್ಪಡಿಸಿದರು. ಮಳೆಕಾಡಿನದು ಒಂದು, ಹುಲ್ಲುಗಾವಲಿನದು ಇನ್ನೊಂದು. ಒಂದೇ ಅಂದುಕೊಂಡ ಹಾವು ಹಲವಾಗಿರುವುದು ಗೊತ್ತಾದಾಗ ಅವು ಇರುವ ಜಾಗದ ನಕ್ಷೆಯನ್ನೂ ಹೊಸದಾಗಿ ಬರೆಯಬೇಕಾಗುತ್ತದೆ.

ಇದೇ ಕಥೆ ಕಾಳಿಂಗಕ್ಕೂ ಆಯಿತು. 1836ರಿಂದ ಅದು ಒಂದೇ ಜಾತಿ ಅಂತ ನಡೆದುಕೊಂಡು ಬಂದಿತ್ತು. 2024ರಲ್ಲಿ ಹಾವುಗಳ ಸಂಶೋಧಕ ಪಿ. ಗೌರಿಶಂಕರ್ ಮತ್ತು ಸಂಗಡಿಗರು ಅದನ್ನು ನಾಲ್ಕು ಜಾತಿಗಳಾಗಿ ವಿಂಗಡಿಸಿದರು. ಪಶ್ಚಿಮಘಟ್ಟದ ಕಾಳಿಂಗಕ್ಕೆ ಅವರು ಇಟ್ಟ ಹೆಸರು ಒಫಿಯೋಫಾಗಸ್ ಕಾಳಿಂಗ. ವಿಜ್ಞಾನದ ಪಟ್ಟಿಗೆ ಕನ್ನಡದ ಪದ ಹೀಗೆ ನೇರವಾಗಿ ಸೇರುವುದು ಅಪರೂಪ, ಖುಷಿಯ ವಿಷಯ. ಆದರೆ ಅದರ ಇನ್ನೊಂದು ಮುಖ ಅಷ್ಟು ಖುಷಿಯದ್ದಲ್ಲ. ಏಷ್ಯಾದ ಉದ್ದಗಲಕ್ಕೂ ಇದೆ ಅಂದುಕೊಂಡಿದ್ದ ಹಾವು ಈಗ ಒಂದು ಬೆಟ್ಟಸಾಲಿಗೆ ಸೀಮಿತವಾಯಿತು. ಅಲ್ಲಿ ಕಳೆದುಕೊಂಡರೆ ಬೇರೆಲ್ಲೂ ಇಲ್ಲ.

ಕಾಳಿಂಗದ ಆಯ್ಕೆಗಳು ನಾಗರದಂತೆ ಸಡಿಲವಲ್ಲ. ಅದರ ಮುಖ್ಯ ಊಟ ಬೇರೆ ಹಾವುಗಳು. ಕೇರೆಹಾವು, ನಾಗರ, ಗುಳಿಮಂಡಲ ಎಲ್ಲವೂ ನಡೆಯುತ್ತದೆ. ಒಂದು ಕಾಳಿಂಗ ಹೊಟ್ಟೆ ತುಂಬಿಸಿಕೊಳ್ಳಬೇಕಾದರೆ ಆ ಜಾಗದಲ್ಲಿ ಹಾವುಗಳು ಸಾಕಷ್ಟಿರಬೇಕು, ಆ ಹಾವುಗಳಿಗೆ ಊಟ ಬೇಕು, ಹಾಗಾಗಿ ಜಾಗವೂ ದೊಡ್ಡದಿರಬೇಕು. ಅದರ ಜೊತೆಗೆ ಗೂಡು. ಹಾವುಗಳಲ್ಲಿ ಎಲೆ ಕೂಡಿಸಿ ಗೂಡು ಕಟ್ಟುವುದು ಕಾಳಿಂಗ ಮಾತ್ರ. ಮಳೆಗಾಲಕ್ಕೆ ಮುಂಚೆ ಹೆಣ್ಣು ಕಾಳಿಂಗ ಬಿದಿರುಮೆಳೆಯ ಬುಡದಂಥ ಕಡೆ ಬರುತ್ತದೆ. ಮೈಯನ್ನು ಕೊಕ್ಕೆಯಂತೆ ಬಾಗಿಸಿ ತರಗೆಲೆಗಳನ್ನು ಎಳೆದು ತರುತ್ತದೆ. ಮತ್ತೆ ಹೋಗುತ್ತದೆ, ಮತ್ತೆ ಎಳೆಯುತ್ತದೆ. ಕೈಯಿಲ್ಲದ ಪ್ರಾಣಿ ಮೊಣಕಾಲೆತ್ತರದ ದಿಬ್ಬ ಮಾಡಿ, ಸುತ್ತಲೂ ಒತ್ತಿ ಬಿಗಿ ಮಾಡುತ್ತದೆ. ಎಷ್ಟು ಬಿಗಿಯೆಂದರೆ ಮಳೆ ಹೊಡೆದರೂ ನೀರು ಮೇಲಿನ ಎಲೆಗಳ ಮೇಲೆ ಜಾರಿ ಹೋಗುತ್ತದೆ, ಮೊಟ್ಟೆ ಇರುವ ಒಳಕೋಣೆ ಬೆಚ್ಚಗಿರುತ್ತದೆ. ಮೊಟ್ಟೆ ಒಡೆಯಲು ಎರಡೂವರೆ ಮೂರು ತಿಂಗಳು ಬೇಕು. ಅದರಲ್ಲಿ ಹೆಚ್ಚಿನ ಕಾಲ ತಾಯಿ ಗೂಡಿನ ಮೇಲೆಯೇ ಕಾವಲಿದ್ದು, ಮರಿ ಹೊರಬರುವ ಮುಂಚೆ ಅಲ್ಲಿಂದ ಹೊರಟುಬಿಡುತ್ತದೆ.

ಇಂಥ ಹಾವಿಗೆ ಇಟ್ಟಿಗೆ ರಾಶಿ ಸಾಕಾಗುವುದಿಲ್ಲ. ತರಗೆಲೆ ಗುಡಿಸಿ ಸುಟ್ಟ ತೋಟದಲ್ಲಿ ಗೂಡಿಲ್ಲ. ಕೇರೆಹಾವನ್ನೂ ಬಿಡದೆ ಹೊಡೆಯುವ ಊರಿನಲ್ಲಿ ಊಟವಿಲ್ಲ. ಆದರೂ ಕಾಳಿಂಗ ಮನುಷ್ಯರ ನೆಲಕ್ಕೆ ಕಾಲಿಡುವುದೇ ಇಲ್ಲ ಅಂತಲ್ಲ. (ಕಾಲೆಲ್ಲಿದೆ ಅಂತ ಕೇಳಬೇಡಿ.) ಥಾಯ್ಲೆಂಡ್‌ನ ಸಕೇರಾತ್ ಕಾಡಿನಲ್ಲಿ ಕಾಳಿಂಗಗಳ ಮೈಗೆ ರೇಡಿಯೊ ಟ್ರಾನ್ಸ್‌ಮಿಟರ್ ಅಳವಡಿಸಿ ವರ್ಷಗಟ್ಟಲೆ ಹಿಂಬಾಲಿಸಿದ್ದಾರೆ. ಅವು ಕಾಡಿನ ಗಡಿ ದಾಟಿ ಹೊಲಗಳ ನಡುವೆ ಓಡಾಡುತ್ತಿದ್ದವು. ಹೋಗುವ ದಾರಿ ನೀರಾವರಿ ಕಾಲುವೆಗಳ ಅಂಚಿನ ಪೊದೆಸಾಲು. ದೊಡ್ಡ ಹೆದ್ದಾರಿಯನ್ನು ದಾಟಲು ಅದರ ಕೆಳಗಿನ ಮೋರಿಗಳನ್ನು ಬಳಸುತ್ತಿದ್ದಂತೆ ಕಂಡಿತು. ಮಳೆನೀರಿಗೆ ಮಾಡಿದ ಮೋರಿ ಹಾವಿನ ಸುರಂಗವಾಯಿತು. ಕಾಡಿನಿಂದ ಹೊರಬಂದ ಹಾವುಗಳಲ್ಲಿ ಕೆಲವು ಜನರ ಕೈಗೆ ಸಿಕ್ಕಿ ಸತ್ತವು.

ನನಗೆ ಇಲ್ಲಿ ಕಾಣುವ ಗೆರೆ ಇದು. ಏನು ಸಿಕ್ಕರೂ ತಿಂದು, ಎಲ್ಲಿ ಸಂದು ಸಿಕ್ಕರೂ ಮಲಗುವ ನಾಗರಕ್ಕೆ ಮನುಷ್ಯರ ನೆಲ ಲಾಭ. ಊಟ, ಗೂಡು ಎರಡರಲ್ಲೂ ಹಟ ಹಿಡಿಯುವ ಕಾಳಿಂಗಕ್ಕೆ ಅದೇ ನೆಲ ನಷ್ಟ. ಮಲೇಷ್ಯಾ, ಇಂಡೋನೇಷ್ಯಾಗಳ ತಾಳೆಎಣ್ಣೆ ತೋಟ ಇದಕ್ಕೆ ಸರಿಯಾದ ಉದಾಹರಣೆ. ಮಳೆಕಾಡು ಕಡಿದು ಒಂದೇ ಬಗೆಯ ಗಿಡ ನೆಟ್ಟರು. ನೂರಾರು ಜೀವಿಗಳು ಹೋದವು. ತಾಳೆಹಣ್ಣು ತಿನ್ನಲು ಇಲಿಗಳು ಬಂದವು, ಕಡಿದು ಹಾಕಿದ ಗರಿಗಳ ಗುಪ್ಪೆಗಳು ಬಿದ್ದವು. ವಿಷ ಉಗುಳುವ ನಾಗರಕ್ಕೆ ಇನ್ನೇನು ಬೇಕು? ಇಲಿ ಹಿಡಿಯಲೆಂದು ತೋಟದವರು ಗೂಬೆಗಳಿಗೆ ಗೂಡುಪೆಟ್ಟಿಗೆ ಇಟ್ಟರು. ಅದೇ ಕೆಲಸವನ್ನು ನಾಗರ ಯಾರೂ ಹೇಳದೆಯೇ ಮಾಡುತ್ತಿತ್ತು. ಹೀಗಾಗಿ 'ಇತ್ತೀಚೆಗೆ ಹಾವು ಜಾಸ್ತಿ ಕಾಣುತ್ತಿವೆ' ಅನ್ನುವ ಮಾತಿನಿಂದ ಹಾವುಗಳ ಸಂಕುಲ ಚೆನ್ನಾಗಿದೆ ಅಂತಲೂ ಹೇಳಲಾಗದು, ಕೆಟ್ಟಿದೆ ಅಂತಲೂ ಹೇಳಲಾಗದು. ಯಾವ ಹಾವು ಅಂತ ಕೇಳದೆ ಆ ಮಾತಿಗೆ ಬೆಲೆಯಿಲ್ಲ.

ಇದು ಬರೀ ಪ್ರಾಣಿಶಾಸ್ತ್ರದ ಕುತೂಹಲ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 54 ಲಕ್ಷ ಜನರಿಗೆ ಹಾವು ಕಚ್ಚುತ್ತದೆ, 81,000ದಿಂದ 1,38,000 ಜನ ಸಾಯುತ್ತಾರೆ. ಭಾರತದಲ್ಲಿ 2000ದಿಂದ 2019ರವರೆಗೆ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಅಂತ 2020ರ ಒಂದು ಅಧ್ಯಯನ ಲೆಕ್ಕ ಹಾಕಿತು. ಇದರಲ್ಲಿ ನಾಗರದ ಜೊತೆ ಕಟ್ಟುಹಾವು, ಮಂಡಲದ ಹಾವುಗಳೂ ಸೇರಿವೆ. ಸತ್ತವರಲ್ಲಿ ಬಹುಪಾಲು ಹಳ್ಳಿಯವರು, ಹೊಲದಲ್ಲಿ ದುಡಿಯುವವರು. ಹಾವಿಗೆ ಒಳ್ಳೆಯ ಜಾಗ ಅಂತ ಮೇಲೆ ಹೇಳಿದ ಬದು, ಗದ್ದೆ, ಕಣ, ಕಾಳಿನ ಕೋಣೆ, ಇವೇ ಅವರು ಬರಿಗಾಲಲ್ಲಿ ಓಡಾಡುವ ಜಾಗಗಳು. ನಕ್ಷೆ ಎರಡಿಲ್ಲ, ಒಂದೇ.

ಮನೆಯೊಳಗೂ ಅಷ್ಟೇ. ದಕ್ಷಿಣ ಆಫ್ರಿಕಾ, ಮೊಜಾಂಬಿಕ್ ಕಡೆಯ ವಿಷ ಉಗುಳುವ ನಾಗರ ರಾತ್ರಿ ಇಲಿ ಹುಡುಕುತ್ತ ಮನೆಯೊಳಗೆ ಬರುತ್ತದೆ. ನಿದ್ದೆಯಲ್ಲಿ ಕೈಕಾಲು ಆಡಿಸಿದವರಿಗೆ ಕಚ್ಚುತ್ತದೆ. ಪೆಟ್ಟು ತಿನ್ನುವವರಲ್ಲಿ ಮಕ್ಕಳು ಬಹಳ. ನೇಪಾಳದ ತಗ್ಗು ಪ್ರದೇಶದಲ್ಲಿ 2007ರಲ್ಲಿ ಪ್ರಕಟವಾದ ಅಧ್ಯಯನವೊಂದು, ಸೊಳ್ಳೆಪರದೆ ಹಾಕಿಕೊಂಡು ಮಲಗುವವರಿಗೆ ಹಾವು ಕಚ್ಚುವುದು ತುಂಬ ಕಡಿಮೆ ಅಂತ ತೋರಿಸಿತು. ಹಾಸಿಗೆಯ ಕೆಳಗೆ ಸಿಕ್ಕಿಸಿದ ಪರದೆ. ಅಷ್ಟೇ ಖರ್ಚು.

ಯಾವ ನಾಗರ ಎಲ್ಲಿದೆ ಅನ್ನುವ ಪ್ರಶ್ನೆ ಆಸ್ಪತ್ರೆಗೂ ಹೋಗುತ್ತದೆ. ಭಾರತದಲ್ಲಿ ಸಿಗುವ ಪ್ರತಿವಿಷಕ್ಕೆ ನಾಗರಗಳ ಪೈಕಿ ಬಳಸುವುದು ಕನ್ನಡಕದ ನಾಗರದ ವಿಷವನ್ನು, ಅದೂ ಬಹುಪಾಲು ತಮಿಳುನಾಡಿನಲ್ಲಿ ಹಿಡಿದ ಹಾವುಗಳಿಂದ. ಪೂರ್ವ ಮತ್ತು ಈಶಾನ್ಯ ಭಾರತದಲ್ಲಿ ಜಾಸ್ತಿ ಇರುವುದು ಒಂಟಿ ಕನ್ನಡಕದ ನಾಗರ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗರ್ ಅವರ ತಂಡ ಈ ವ್ಯತ್ಯಾಸಗಳ ಮೇಲೆ ವರ್ಷಗಳಿಂದ ಕೆಲಸ ಮಾಡುತ್ತಿದೆ. ಒಂದೇ ಜಾತಿಯ ನಾಗರದ ವಿಷವೂ ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುತ್ತದೆ, ಎಲ್ಲ ಕಡೆಯ ವಿಷಕ್ಕೂ ಈಗಿನ ಪ್ರತಿವಿಷ ಒಂದೇ ಸಮ ಕೆಲಸ ಮಾಡುವುದಿಲ್ಲ ಅಂತ ಅವರ ಅಧ್ಯಯನಗಳು ತೋರಿಸಿವೆ. ಹಾಗಂತ ಕಚ್ಚಿದಾಗ ಆಸ್ಪತ್ರೆಗೆ ಹೋಗುವುದರಲ್ಲಿ ಅನುಮಾನ ಬೇಡ. ಇರುವ ಚಿಕಿತ್ಸೆ ಅದೊಂದೇ. ತಡ ಮಾಡಿದಷ್ಟೂ ಅಪಾಯ.

ಹಿಡಿದ ಹಾವನ್ನು ಏನು ಮಾಡಬೇಕು? 'ದೂರದ ಕಾಡಿಗೆ ಬಿಟ್ಟು ಬಂದರು' ಅಂತ ಸುದ್ದಿಯಲ್ಲಿ ಓದಿದಾಗ ಸಮಾಧಾನವಾಗುತ್ತದೆ. ನಾನೂ ಹಿಂದೆ ಹಾಗೇ ಅಂದುಕೊಂಡಿದ್ದೆ. ಈಗ ಅಷ್ಟು ಸಮಾಧಾನವಿಲ್ಲ. ಆಗುಂಬೆಯಲ್ಲಿ ಕಾಳಿಂಗಗಳನ್ನು ರೇಡಿಯೊ ಮೂಲಕ ಹಿಂಬಾಲಿಸಿದಾಗ, ದೂರ ಒಯ್ದು ಬಿಟ್ಟ ಹಾವು ತನ್ನ ಜಾಗದಲ್ಲೇ ಇದ್ದ ಹಾವಿಗಿಂತ ಬಹಳ ಹೆಚ್ಚು ಅಲೆದಾಡಿತು. ಅದರಲ್ಲಿ ಆಶ್ಚರ್ಯವಿಲ್ಲ. ಯಾವ ಬಿಲ ಎಲ್ಲಿದೆ, ನೀರು ಎಲ್ಲಿ, ಯಾವ ಕಡೆ ಅಪಾಯ ಅಂತ ಹಳೇ ಜಾಗದಲ್ಲಿ ಅದಕ್ಕೆ ಗೊತ್ತಿರುತ್ತದೆ. ಹೊಸ ಜಾಗದಲ್ಲಿ ಏನೂ ಗೊತ್ತಿಲ್ಲ. ಅಲೆಯುವ ಹಾವು ರಸ್ತೆಗೆ ಬರುತ್ತದೆ, ಇನ್ನೊಬ್ಬರ ಅಂಗಳಕ್ಕೆ ಹೋಗುತ್ತದೆ. ಹೊಲದ ಇಲಿ ತಿಂದು ಬೆಳೆದ ನಾಗರವನ್ನು ದಟ್ಟ ಕಾಡಿಗೆ ಬಿಡುವುದಂತೂ ಅದಕ್ಕೆ ಉಪಕಾರ ಅಲ್ಲವೇ ಅಲ್ಲ. ಅನುಭವಿಗಳು ಸಾಧ್ಯವಾದಷ್ಟು ಹತ್ತಿರದಲ್ಲೇ, ಜನ ಕಡಿಮೆ ಓಡಾಡುವ ಪೊದೆ ಅಥವಾ ಹೊಲದ ಅಂಚಿನಲ್ಲಿ ಬಿಡುವುದು ಇದಕ್ಕೇ. ಇದನ್ನು ಹಾವು ಹಿಡಿಸಿದ ಮನೆಯವರಿಗೆ ಒಪ್ಪಿಸುವುದು ಮಾತ್ರ ಹಾವು ಹಿಡಿದದ್ದಕ್ಕಿಂತ ಕಷ್ಟ.

ಹವಾಮಾನ ಬದಲಾವಣೆಯ ಪ್ರಶ್ನೆ ಇನ್ನೂ ತೆರೆದೇ ಇದೆ. 2024ರ ಒಂದು ಅಧ್ಯಯನ 209 ಜಾತಿಯ ವಿಷಹಾವುಗಳು 2070ರ ಹೊತ್ತಿಗೆ ಎಲ್ಲಿರಬಹುದು ಅಂತ ಅಂದಾಜು ಮಾಡಿತು. ಬಹಳಷ್ಟು ಜಾತಿಗಳಿಗೆ ಈಗಿನ ಜಾಗ ಕಡಿಮೆಯಾಗುತ್ತದೆ. ಕೆಲವಕ್ಕೆ ಹೆಚ್ಚುತ್ತದೆ. ನೇಪಾಳ, ಚೀನಾ, ಮ್ಯಾನ್ಮಾರ್, ನೈಜರ್, ನಮೀಬಿಯಾ ದೇಶಗಳಿಗೆ ಅಕ್ಕಪಕ್ಕದಿಂದ ಹೊಸ ಹಾವುಗಳು ಸರಿದು ಬರಬಹುದು ಅನ್ನುತ್ತದೆ ಆ ಅಂದಾಜು. 2025ರಲ್ಲಿ ಕಠ್ಮಂಡು ಕಣಿವೆಯ ಅಂಚಿನ ಗುಡ್ಡಗಳಲ್ಲಿ ಕೆಲವೇ ವಾರಗಳಲ್ಲಿ ಹಲವು ಕಾಳಿಂಗಗಳು ಸಿಕ್ಕಾಗ ಬಿಸಿಯೇರಿದ್ದೇ ಕಾರಣ ಅಂದವರಿದ್ದಾರೆ, ಮರ ಹುಲ್ಲು ತುಂಬಿದ ಲಾರಿಗಳಲ್ಲಿ ಬಂದಿರಬಹುದು ಅಂದವರೂ ಇದ್ದಾರೆ. ನನಗೆ ಎರಡೂ ಸಾಧ್ಯ ಅನಿಸುತ್ತದೆ. ಚಳಿಯ ಗಡಿ ಮೇಲೆ ಸರಿದರೆ ಲಾರಿಯಲ್ಲಿ ಬಂದ ಹಾವೂ ಬದುಕಿ ಉಳಿಯುತ್ತದೆ. ಮೊದಲಾದರೆ ಮೊದಲ ಚಳಿಗಾಲಕ್ಕೇ ಸಾಯುತ್ತಿತ್ತು.

ಮನೆ ಸುತ್ತ ಹಾವು ಬಾರದಂತೆ ಏನು ಹಾಕಬೇಕು ಅಂತ ಕೇಳುವವರು ಬಹಳ. ಫಿನಾಯಿಲ್, ಗಂಧಕ, ನುಸಿಗುಳಿಗೆ, ಬೆಳ್ಳುಳ್ಳಿ ನೀರು ಅಂತ ಪಟ್ಟಿ ಉದ್ದವಾಗಿದೆ. ಹಾವನ್ನು ತಡೆಯುತ್ತವೆ ಅಂತ ನಂಬಬಹುದಾದದ್ದು ಇದರಲ್ಲಿ ಒಂದೂ ಇಲ್ಲ. ಹಾಕುವುದಕ್ಕಿಂತ ತೆಗೆಯುವುದು ಮುಖ್ಯ. ಗೋಡೆಗೆ ಒರಗಿಸಿದ ಸೌದೆ, ಹೆಂಚು, ಇಟ್ಟಿಗೆ ತೆಗೆಯಬೇಕು. ಬಾಗಿಲ ಕೆಳಗಿನ ಸಂದು, ಚರಂಡಿ ಕೊಳವೆಯ ಬಾಯಿ ಮುಚ್ಚಬೇಕು. ಕಾಳು ಚೆಲ್ಲದಂತೆ, ಮುಸುರೆ ಉಳಿಯದಂತೆ ನೋಡಿಕೊಂಡು ಇಲಿಯನ್ನು ದೂರವಿಡಬೇಕು. ರಾತ್ರಿ ಹೊರಗೆ ಹೋದರೆ ಟಾರ್ಚ್ ಹಿಡಿಯಬೇಕು.

ಕೇಳಲು ಸಪ್ಪೆ ಸಲಹೆಗಳೇ. ಅದಕ್ಕೇ ಇರಬೇಕು, ಹಾವು ಹಿಡಿಯುವವರು ಚೀಲ ಕಟ್ಟಿಕೊಂಡು ಹೊರಟ ಮೇಲೆ ಆ ಹಿತ್ತಲಲ್ಲಿ ಸಾಮಾನ್ಯವಾಗಿ ನಡೆಯುವುದು ಬೇರೆ. ಪೊರೆಗಳನ್ನು ಕೋಲಿನಿಂದ ಎತ್ತಿ ಆಚೆ ಎಸೆಯುತ್ತಾರೆ. ಇಟ್ಟಿಗೆಗಳನ್ನು ಮತ್ತೆ ಅದೇ ಗೋಡೆಗೆ ಒರಗಿಸಿ, ಈ ಸಲ ಸ್ವಲ್ಪ ಒಪ್ಪವಾಗಿ, ಜೋಡಿಸಿಡುತ್ತಾರೆ. ಗೋಡೆಯ ಬುಡದಲ್ಲಿ ಒಂದು ಸಣ್ಣ ತೂತು. ಅದರ ಬಾಯಲ್ಲಿ ಹೊಸ ಮಣ್ಣಿನ ಗುಪ್ಪೆ.